ಮರದ ಕಂಬಕ್ಕೆ ನೀರು

ಕಾಂಕ್ರೀಟಿಗೆ ನೀರು ಕುಡಿಸಬೇಕು, ಮರಕ್ಕೆ ನೀರು ತಾಗಿಸಬಾರದು. ಇದು ನನಗೆ ಗೊತ್ತಿರಲಿಲ್ಲ ಅಂತ ಸುಮಾರು ಜನರ ಹತ್ತಿರ ಹೇಳಿದ್ದೇನೆ. ಹೇಳಿ ಹೇಳಿ ನನಗೇ ನಿಜ ಅನ್ನಿಸುವಷ್ಟಾಗಿದೆ. ಆದರೆ ನನಗೆ ಗೊತ್ತಿತ್ತು. ಇದನ್ನು ಬರೆಯಲು ಕೂತಿರುವುದೇ ಅದಕ್ಕೆ.

ನಮ್ಮ ಮನೆ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ, ಮನೆಗಳ ಸಾಲು ಮುಗಿಯುವ ಕಡೆ. ಮುಂದೆ ರಸ್ತೆ, ಕಬ್ಬಿಣದ ಗೇಟು. ಹಿಂದೆ ಹಿತ್ತಲು, ಹಿತ್ತಲಿನಾಚೆ ಬೇರೆಯವರ ಖಾಲಿ ಸೈಟು, ಅದರಾಚೆ ರೈಲು ಹಳಿ. ರೈಲು ಹೋಗುವಾಗ ಅಡುಗೆಮನೆಯ ತಟ್ಟೆಗಳು ಗಲಗಲ ಅನ್ನುತ್ತವೆ. ಹೊಸಬರು ಬೆಚ್ಚಿಬೀಳುತ್ತಾರೆ, ನಮಗೆ ಅಭ್ಯಾಸ. ನಮ್ಮನೆಯವರಿಗೆ ಹಿರೇಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಶಿಫ್ಟ್ ಕೆಲಸ. ನಾನು ಮನೆಯಲ್ಲೇ ಕೂತು ಬ್ಲೌಸ್ ಹೊಲಿಯುತ್ತೇನೆ. ಮಕ್ಕಳಿಲ್ಲ. ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ಕರೆದುಕೊಂಡು ಬರುವ ವಿಷಯದಲ್ಲಿ ಯಾರ ಒಪ್ಪಿಗೆಯನ್ನೂ ಕೇಳಬೇಕಾಗಿರಲಿಲ್ಲ. ನಾನೊಬ್ಬಳೇ ಮಗಳು ಬೇರೆ.

ಅಪ್ಪ ಕುಣಿಗಲ್‌ನಲ್ಲಿ ಗಾರೆ ಮೇಸ್ತ್ರಿಯಾಗಿದ್ದವನು. ನಲವತ್ತು ವರ್ಷ ಕರಣೆ ಹಿಡಿದ ಕೈ. ಆ ಊರಿನಲ್ಲಿ ಯಾವ ಬೀದಿಗೆ ಹೋದರೂ "ಇದು ನಾನ್ ಕಟ್ಟಿದ್ದು" ಎಂದು ತೋರಿಸಲು ಅವನಿಗೊಂದು ಮನೆ ಸಿಗುತ್ತಿತ್ತು. ಬಾಯಿ ಬಲು ಜೋರು. ಗಾರೆಗೆ ನೀರು ಹೆಚ್ಚಾದರೆ ಬಾಂಡ್ಲಿಯನ್ನು ಕಾಲಿನಿಂದ ಒದ್ದು ಉರುಳಿಸಿ, ಮತ್ತೆ ಕಲಸಿ ಅನ್ನುತ್ತಿದ್ದ. ನನಗೂ ಮೂಗಿನ ತುದಿಯಲ್ಲೇ ಸಿಟ್ಟು. ಅದು ಎಲ್ಲಿಂದ ಬಂತು ಅಂತ ಯಾರೂ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಮರೆವು ಅಮ್ಮ ಹೋದ ಮೇಲೆ ಶುರುವಾಯಿತೋ, ಮೊದಲೇ ಇದ್ದದ್ದನ್ನು ಅಮ್ಮ ಮುಚ್ಚಿಟ್ಟುಕೊಂಡು ಬಂದಿದ್ದಳೋ ಹೇಳಲಾರೆ. ಮೊದಲು ಅಳಿಯನ ಹೆಸರು ಮರೆತ. ಆಮೇಲೆ ಬಚ್ಚಲು ಯಾವ ಕಡೆ ಅನ್ನುವುದು ಮರೆತ. ಅಮ್ಮ ಸತ್ತದ್ದನ್ನೂ ಮರೆತು, ಎಲ್ಲಿ ಹೋದಳು ಇನ್ನೂ ಬರಲಿಲ್ಲವಲ್ಲ ಎಂದು ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದ. ಮೊದಮೊದಲು ನಿಜ ಹೇಳುತ್ತಿದ್ದೆ. ಪ್ರತಿ ಸಲವೂ ಆಗಷ್ಟೇ ಸುದ್ದಿ ಕೇಳಿದವನಂತೆ ಅಳುತ್ತಿದ್ದ. ನೋಡಲಾರದೆ, ತವರಿಗೆ ಹೋಗಿದ್ದಾಳೆ ಅನ್ನತೊಡಗಿದೆ. ಡಾಕ್ಟರು ಇದು ವಾಸಿಯಾಗುವ ಕಾಯಿಲೆಯಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಬೇಕು ಅಷ್ಟೇ ಎಂದು ಹೇಳಿ ಕಳಿಸಿದರು.

ಒಂದನ್ನು ಮಾತ್ರ ಅವನು ಮರೆಯಲಿಲ್ಲ. ಬೆಳಗಾಯಿತೆಂದರೆ ಕೆಲಸಕ್ಕೆ ಹೋಗಬೇಕು. ಬೆಳಕು ಹರಿಯುವುದೇ ತಡ, ತಲೆಗೆ ಟವಲು ಸುತ್ತಿ, ಪಂಚೆ ಮೇಲೆತ್ತಿ ಕಟ್ಟಿ ಹೊರಟುಬಿಡುತ್ತಿದ್ದ. ಮುಂದಿನ ಗೇಟಿಗೆ ಬೀಗ ಹಾಕಿದೆ. ಹಿಂದೆ ಹಿತ್ತಲು ಬಟಾಬಯಲು.

ಮೊದಲ ಸಲ ಹಿತ್ತಲಿಂದ ಹೋದಾಗ ಅಪ್ಪ ಸಿಕ್ಕಿದ್ದು ರೈಲು ಹಳಿಯ ಮೇಲೆ. ಅಲ್ಲಿ ಕೂತಿದ್ದ, ನಾನು ಓಡಿಹೋಗಿ ಹಿಡಿದೆ. ಹಳಿಯ ಕೆಳಗೆ ಅಡ್ಡಕ್ಕೆ ಹಾಕಿರುತ್ತಾರಲ್ಲ ಕಾಂಕ್ರೀಟಿನ ದಿಮ್ಮಿ, ಅದನ್ನು ಒಂದು ಜಲ್ಲಿಕಲ್ಲಿನಿಂದ ಕುಟ್ಟಿ ಕುಟ್ಟಿ, ಕಿವಿಗೊಟ್ಟು ಸದ್ದು ಕೇಳುತ್ತಿದ್ದ. ಕ್ಯೂರಿಂಗ್ ಸರಿಯಾಗಿ ಆಗಿಲ್ಲ, ಯಾವ ಮೇಸ್ತ್ರಿ ಮಾಡಿದ್ದು ಅಂತ ನನ್ನನ್ನೇ ಗದರಿದ. ನನಗೆ ನಗು ಬಂತು. ಮನೆಗೆ ಬಂದು ಬಾಗಿಲು ಹಾಕಿ, ಅದಕ್ಕೇ ಬೆನ್ನು ಕೊಟ್ಟು ಕೂತುಬಿಟ್ಟೆ. ಇನ್ನೊಂದು ವಾರಕ್ಕೆ ಮತ್ತೆ ಹೋದ. ಆ ಸಲ ಹಳಿ ತಲುಪುವ ಮೊದಲೇ ಸಿಕ್ಕ.

ಬೇಲಿ ಹಾಕಬೇಕು ಎಂದು ಅವತ್ತೇ ತೀರ್ಮಾನವಾಯಿತು. ಹಾಕುವುದಾದರೆ ಕಲ್ಲುಕಂಬವೇ ಹಾಕಬೇಕು, ನಮ್ಮ ಕಡೆ ಎಲ್ಲರೂ ಹಾಕುವುದು ಅದನ್ನೇ. ನೆಟ್ಟರೆ ಮೂರು ತಲೆಮಾರು ನಿಲ್ಲುತ್ತದೆ. ಆದರೆ ಖಾಲಿ ಸೈಟಿನ ಯಜಮಾನರು ಒಪ್ಪಲಿಲ್ಲ. ಅವರ ಸೈಟಿಗೂ ನಮ್ಮದಕ್ಕೂ ನಡುವಿನ ಗೆರೆ ಇನ್ನೂ ಅಳತೆಯಾಗಿರಲಿಲ್ಲ. ಸರ್ವೆಯವರು ಬಂದು ಹದ್ದುಬಸ್ತು ಮಾಡುವವರೆಗೆ ಕಲ್ಲು ನೆಡಕೂಡದು ಎಂದರು. ಕಲ್ಲು ನೆಟ್ಟರೆ ಗಡಿ ಗೊತ್ತುಮಾಡಿದ ಹಾಗೆ, ನಾಳೆ ಅದನ್ನೇ ತೋರಿಸಿ ನಮ್ಮದು ಅನ್ನುತ್ತೀರಿ ಎಂದರು. ಅಪ್ಪನ ಸ್ಥಿತಿ ಹೇಳಿದೆ. ಪಾಪ, ಹೌದಮ್ಮ, ಮರದ ಕಂಬ ಹಾಕಿಕೊಳ್ಳಿ, ಅದು ಎಷ್ಟಿದ್ದರೂ ತಾತ್ಕಾಲಿಕ ಎಂದರು. ಮುದುಕ ರೈಲಿಗೆ ಸಿಕ್ಕರೂ ಪರವಾಗಿಲ್ಲ, ನಿಮ್ಮ ಗಡಿ ಮಾತ್ರ ಕದಲಬಾರದು ಅಲ್ಲವೇ ಅಂತ ಅವರ ಮುಖದ ಮೇಲೆ ಕೇಳಬೇಕೆನಿಸಿತು. ನಮ್ಮನೆಯವರು ಕೈ ಹಿಡಿದು ಎಳೆದುಕೊಂಡು ಬಂದರು.

ನಮ್ಮನೆಯವರ ಅಣ್ಣ, ಅಂದರೆ ನನ್ನ ಭಾವ, ಗುಬ್ಬಿ ಹತ್ತಿರ ಹೊಲದಲ್ಲಿದ್ದಾರೆ. ಅವರ ಬದುವಿನಲ್ಲಿ ನೀಲಗಿರಿ ಮರಗಳಿದ್ದವು. ಹದಿನಾರು ಕಂಬ ಕಡಿದು ಲಗೇಜ್ ಆಟೋದಲ್ಲಿ ತಂದು ಇಳಿಸಿದರು. ಕಡಿದು ಎರಡು ದಿನವೂ ಆಗಿರಲಿಲ್ಲ, ತೊಗಟೆ ಸುಲಿದ ಕಡೆ ಇನ್ನೂ ಒದ್ದೆ. ಭಾವ ಬಹಳ ನಿಧಾನದ ಮನುಷ್ಯ, ಮಾತು ಕಡಿಮೆ, ಆಡಿದರೆ ತೂಕ. ಇದು ಎರಡು ತಿಂಗಳು ನೆರಳಲ್ಲಿ ಒಣಗಬೇಕು, ಆಮೇಲೆ ಬುಡವನ್ನು ಬೆಂಕಿಯಲ್ಲಿ ಕರ್ರಗೆ ಸುಡಬೇಕು, ಗ್ಯಾರೇಜಿನ ಹಳೇ ಆಯಿಲ್ ಬಳಿಯಬೇಕು ಎಂದರು. ಎರಡು ತಿಂಗಳು ಕಾಯುವಷ್ಟರಲ್ಲಿ ಅಪ್ಪ ಇರುವುದಿಲ್ಲ ಎಂದೆ. ಹಾಗಾದರೆ ಮಣ್ಣಲ್ಲಿ ನೆಟ್ಟರೆ ಆಗದು, ಅಲ್ಲಾಡುತ್ತದೆ, ಕಾಂಕ್ರೀಟ್ ಹಾಕಿ ಎಂದರು. ಹಾಕುವಾಗ ಒಂದನ್ನು ಮಾತ್ರ ಮರೆಯಬೇಡಿ ಅಂತ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಕಂಬದ ಸುತ್ತ ಕಾಂಕ್ರೀಟು ನೆಲಕ್ಕಿಂತ ಸ್ವಲ್ಪ ಮೇಲೆ ಬರಬೇಕು, ಆ ಮೇಲ್ಭಾಗ ಗುಡ್ಡದ ಹಾಗೆ ಇಳಿಜಾರಾಗಿರಬೇಕು, ಬಿದ್ದ ನೀರು ಆಚೆ ಹರಿದುಹೋಗಬೇಕು, ಬುಡದಲ್ಲಿ ನಿಲ್ಲಬಾರದು. ನಾವು ಹೂಂ ಎಂದೆವು.

ಒಂದು ಭಾನುವಾರ ಕೆಲಸ ಹಿಡಿದೆವು. ನಮ್ಮನೆಯವರು ಹಾರೆ ಹಿಡಿದು ಎರಡೆರಡು ಅಡಿ ಗುಂಡಿ ತೋಡಿದರು. ನಾನು ಜಲ್ಲಿ, ಮರಳು, ಸಿಮೆಂಟು ಸುರಿದು ಕಲಸಿದೆ. ಅಪ್ಪನನ್ನು ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿ ಕೈಗೆ ಕಡ್ಲೆಪುರಿ ಕೊಟ್ಟಿದ್ದೆವು. ನಾನು ಎರಡನೇ ಸಲ ನೀರು ಸುರಿಯುವಾಗ ಹಿಂದಿನಿಂದ ಒಂದು ದನಿ ಬಂತು.

"ನೀರ್ ಜಾಸ್ತಿ ಆಯ್ತು. ಪಾಯ್ಸ ಮಾಡ್ತಿದ್ದೀಯೇನ್ಲೇ?"

ಎಷ್ಟೋ ತಿಂಗಳಾಗಿತ್ತು ಆ ದನಿ ಕೇಳಿ. ಅಪ್ಪ ಎದ್ದು ಬಂದು ನನ್ನ ಕೈಯಿಂದ ಸನಿಕೆ ಕಿತ್ತುಕೊಂಡ. ಕಲಸಿದ. ದಾರಕ್ಕೆ ಕಲ್ಲು ಕಟ್ಟಿ ತೂಕದ ಗುಂಡು ಮಾಡಿಕೊಂಡು, ಒಂದೊಂದು ಕಂಬವೂ ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದ. ಅಳಿಯನನ್ನು "ಏಯ್, ಹಿಡ್ಕೋ ಗಟ್ಟಿಯಾಗಿ" ಎಂದು ಗದರಿದ. ಅವರೂ ನಗುತ್ತಾ ಹಿಡಿದುಕೊಂಡರು. ಬಚ್ಚಲು ಎಲ್ಲಿದೆ ಅಂತ ಗೊತ್ತಿಲ್ಲದ ಮನುಷ್ಯ ಹದಿನಾರು ಕಂಬವನ್ನು ಒಂದೇ ಗೆರೆಗೆ ನಿಲ್ಲಿಸಿದ. ನಾನು ಅವತ್ತು ಸೆರಗಿನಿಂದ ಎಷ್ಟು ಸಲ ಕಣ್ಣೊರೆಸಿಕೊಂಡೆನೋ ಲೆಕ್ಕವಿಲ್ಲ.

ಸಾಯಂಕಾಲದ ಹೊತ್ತಿಗೆ ಕಾಂಕ್ರೀಟಿನ ಮೇಲ್ಭಾಗ ಮಾಡುವ ಕೆಲಸ ಬಂತು. ನಮ್ಮನೆಯವರು ಭಾವ ಹೇಳಿದ ಹಾಗೆ ಮೊದಲ ಕಂಬಕ್ಕೆ ಇಳಿಜಾರು ಮಾಡಿದರು. ಅಪ್ಪ ಬಂದು ನೋಡಿ ಅದನ್ನು ಕರಣೆಯಿಂದ ಕೆರೆದು ಹಾಕಿದ. ಆಮೇಲೆ ಕಂಬದ ಸುತ್ತ, ಅಂಗೈ ಅಗಲ ಬಿಟ್ಟು, ಗಾರೆಯಲ್ಲಿ ಒಂದು ಸಣ್ಣ ಕಟ್ಟೆ ಕಟ್ಟಿದ, ತೆಂಗಿನ ಸಸಿಗೆ ಪಾತಿ ಮಾಡುತ್ತಾರಲ್ಲ ಹಾಗೆ. ಮನೆ ಕಟ್ಟುವವರಿಗೆಲ್ಲ ಗೊತ್ತು, ಆರ್‌ಸಿಸಿ ಹಾಕಿದ ಮೇಲೆ ಹೀಗೆ ಚೌಕ ಚೌಕವಾಗಿ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಾರೆ, ಕಾಂಕ್ರೀಟು ಹಸಿ ಆರದೆ ಗಟ್ಟಿಯಾಗಲಿ ಅಂತ. ಅಪ್ಪ ಜೀವಮಾನವೆಲ್ಲ ಮಾಡಿದ್ದು ಅದನ್ನೇ. ನಮ್ಮನೆಯವರು ನನ್ನ ಮುಖ ನೋಡಿದರು. ನಾನು ಬಿಡಿ, ಮಾಡಲಿ ಎಂದು ಸನ್ನೆ ಮಾಡಿದೆ. ಹದಿನಾರಕ್ಕೂ ಕಟ್ಟೆ ಕಟ್ಟಿದ. ಆಮೇಲೆ ಕೈ ತೊಳೆದುಕೊಂಡು ಬಂದು ನನಗೆ ಹೇಳಿದ.

"ಇಪ್ಪತ್ತೊಂದ್ ದಿನ ನೀರ್ ಬುಡ್ಬೇಕು ಕಣವ್ವ. ಒಂದ್ ಹೊತ್ತು ತಪ್ಪಬಾರ್ದು. ನಾನೇ ಬುಡ್ತೀನಿ, ನೀನ್ ತಲೆ ಕೆಡಿಸ್ಕೋಬ್ಯಾಡ."

ಮಾರನೇ ಬೆಳಿಗ್ಗೆ ಟವಲು ಸುತ್ತಿಕೊಂಡು ಎದ್ದವನು ಹಿತ್ತಲಿಗೆ ಹೋದ. ಬಕೆಟ್ಟು ಜಗ್ಗು ಕೊಟ್ಟೆ. ನಲ್ಲಿಯಿಂದ ಅರ್ಧ ಬಕೆಟ್ಟು ಹಿಡಿದು, ಮೊದಲ ಕಂಬದಿಂದ ಶುರುಮಾಡಿ, ಒಂದೊಂದು ಕಟ್ಟೆಗೂ ತುಂಬುವವರೆಗೆ ನೀರು ಬಿಟ್ಟು, ಅದು ಇಂಗುವುದನ್ನು ನೋಡುತ್ತಾ ಕೂತು, ಮುಂದಿನದಕ್ಕೆ ಹೋಗುತ್ತಿದ್ದ. ಕೊನೆಯ ಕಂಬಕ್ಕೆ ಬರುವಷ್ಟರಲ್ಲಿ ಮೊದಲನೆಯದಕ್ಕೆ ಬಿಟ್ಟಿದ್ದೇನೋ ಇಲ್ಲವೋ ಅನ್ನುವುದು ಮರೆತಿರುತ್ತಿತ್ತು. ಮತ್ತೆ ಶುರು. ಬೆಳಿಗ್ಗೆ ಎರಡು ಗಂಟೆ ಹೊತ್ತು, ಸಂಜೆ ಎರಡು ಗಂಟೆ ಹೊತ್ತು. ಆಮೇಲೆ ದಣಿದು ಬಂದು, ಮುದ್ದೆ ಉಂಡು, ಮಲಗಿದರೆ ಗೊರಕೆ.

ನನ್ನ ಪಾಡು ನಾನು ಹೇಳಬೇಕು. ಅಪ್ಪ ಬಂದಾಗಿನಿಂದ ನಾನು ನೆಟ್ಟಗೆ ಒಂದು ಲೋಟ ಕಾಫಿ ಕುಡಿದಿರಲಿಲ್ಲ. ಸ್ನಾನಕ್ಕೆ ಹೋದರೆ ಬಾಗಿಲು ಅರ್ಧ ತೆರೆದಿಟ್ಟುಕೊಂಡು ಹೋಗುತ್ತಿದ್ದೆ. ಹೊಲಿಗೆ ಮಿಷನ್ ತುಳಿಯುವಾಗ ಹತ್ತು ಹೊಲಿಗೆಗೊಮ್ಮೆ ನಿಲ್ಲಿಸಿ, ಅಪ್ಪನ ಸದ್ದು ಇದೆಯೇ ಎಂದು ಕೇಳುತ್ತಿದ್ದೆ. ಈಗ ಹಿತ್ತಲಿನಿಂದ ಜಗ್ಗಿನ ಸದ್ದು ಬರುತ್ತಿತ್ತು. ಬಕೆಟ್ಟಿಗೆ ಜಗ್ಗು ತಾಗುವ ಸದ್ದು, ನೀರು ಸುರಿಯುವ ಸದ್ದು. ಅದು ಕೇಳುತ್ತಿರುವವರೆಗೆ ಅಪ್ಪ ಇದ್ದಾನೆ. ನಾನು ಕೂತು ಕಾಫಿ ಕುಡಿದೆ. ಬಿಸಿ ಇರುವಾಗಲೇ ಕುಡಿದೆ.

ಇಪ್ಪತ್ತೊಂದು ದಿನ ಆಯಿತು. ಅಪ್ಪನಿಗೆ ದಿನ ಎಣಿಸಲು ಎಲ್ಲಿ ಬರುತ್ತದೆ? ಅವನಿಗೆ ದಿನವೂ ಮೊದಲನೇ ದಿನವೇ. ನಾನೂ ಎಣಿಸಲು ಹೋಗಲಿಲ್ಲ.

ಒಂದೂವರೆ ತಿಂಗಳ ಮೇಲೆ ಭಾವ ಗುಬ್ಬಿಯಿಂದ ಬಂದರು. ಹಿತ್ತಲಿಗೆ ಹೋಗಿ ನೋಡಿದರು. ಕಟ್ಟೆಗಳಲ್ಲಿ ನೀರು ನಿಂತಿತ್ತು. ಹಸಿ ಕಂಬ ಒಣಗುತ್ತಾ ಕುಗ್ಗಿ, ಕಾಂಕ್ರೀಟಿಗೂ ಮರಕ್ಕೂ ನಡುವೆ ಬೆರಳ ತುದಿ ಹೋಗುವಷ್ಟು ಸಂದು ಬಿಟ್ಟಿತ್ತು. ಆ ಸಂದಿನಲ್ಲಿ ನೀರು ಗುಳುಗುಳು ಇಳಿಯುತ್ತಿತ್ತು. ಅಪ್ಪ ಆಚೆ ತುದಿಯಲ್ಲಿ ಜಗ್ಗು ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ. ಭಾವ ನನ್ನನ್ನು ಪಕ್ಕಕ್ಕೆ ಕರೆದರು.

"ನೋಡಮ್ಮ, ಇವತ್ತೇ ನಿಲ್ಸು ಇದನ್ನ. ಆ ಕಟ್ಟೆ ಒಡ್ದಾಕು. ಬುಡ ಒಳಗೊಳ್ಗೇ ಕೊಳ್ತೋಗುತ್ತೆ, ಮೇಲ್ಗಡೆ ಗೊತ್ತಾಗಲ್ಲ. ಒಂದಿನ ಹಂಗೇ ಮಗ್ಗುಲಾಗುತ್ತೆ."

ಇದಕ್ಕಿಂತ ಬಿಡಿಸಿ ಇನ್ನು ಯಾರು ಹೇಳುತ್ತಾರೆ? ನಾನು ಸರಿ ಭಾವ ಎಂದೆ. ಮಾರನೇ ದಿನ ಬಕೆಟ್ಟು ಜಗ್ಗು ಎರಡನ್ನೂ ಮಂಚದ ಕೆಳಗೆ ಬಚ್ಚಿಟ್ಟೆ. ಅಪ್ಪ ಹುಡುಕಿದ. ಹಿತ್ತಲು, ಬಚ್ಚಲು, ಅಡುಗೆಮನೆ ಎಲ್ಲ ಹುಡುಕಿದ. ಆಮೇಲೆ ಬೊಗಸೆಯಲ್ಲಿ ನಲ್ಲಿ ನೀರು ಹಿಡಿದುಕೊಂಡು ಓಡುತ್ತಿದ್ದ. ಕಂಬ ತಲುಪುವಷ್ಟರಲ್ಲಿ ಎಲ್ಲ ಸೋರಿಹೋಗುತ್ತಿತ್ತು. ನಲ್ಲಿಯನ್ನೂ ಮೇಲಿಂದ ಬಂದ್ ಮಾಡಿದೆ. ಮನೆ ಕಟ್ಟಿಸುವ ಓನರು ಬರುತ್ತಾರೆ, ಓನರು ಬಂದರೆ ಏನು ಹೇಳಲಿ ಎಂದು ಗೋಗರೆದು ಅತ್ತ. ಆಮೇಲೆ ಅಳು ನಿಲ್ಲಿಸಿ, ಕಂಬಗಳಿಗೆ ಬಿಗಿದಿದ್ದ ತಂತಿಯ ಜಾಲರಿ ಹಿಡಿದು ಎಳೆಯತೊಡಗಿದ. ಕೈಯಲ್ಲಿ ರಕ್ತ ಬಂತು. ಮಧ್ಯಾಹ್ನದ ಹೊತ್ತಿಗೆ ನನಗೆ ಸಾಕುಸಾಕಾಗಿತ್ತು. ಆ ದಿನ ಎರಡು ಬ್ಲೌಸ್ ಕೊಡಬೇಕಿತ್ತು, ಹೊಲಿಯಲು ಕೊಟ್ಟಿದ್ದ ಇಬ್ಬರೂ ಬಂದು ಬೈದುಕೊಂಡು ಹೋಗಿದ್ದರು. ಮಂಚದ ಕೆಳಗಿಂದ ಬಕೆಟ್ಟು ತೆಗೆದು ಅವನ ಮುಂದೆ ಕುಕ್ಕಿದೆ. ತಗೋ, ಸುರಿ, ಎಷ್ಟು ಬೇಕಾದರೂ ಸುರಿ ಎಂದೆ. ಅವನು ಪಂಚೆಯಿಂದ ಕಣ್ಣೊರೆಸಿಕೊಂಡು ಮೊದಲನೇ ಕಂಬಕ್ಕೆ ಹೋದ.

ಅದೇ ಕೊನೆ. ಮತ್ತೆ ನಿಲ್ಲಿಸಲು ಹೋಗಲಿಲ್ಲ. ಕಟ್ಟೆಯನ್ನಾದರೂ ಒಡೆಯಬಹುದಿತ್ತು, ಸುತ್ತಿಗೆಯಲ್ಲಿ ಎರಡು ಪೆಟ್ಟು. ಅದನ್ನೂ ಮಾಡಲಿಲ್ಲ, ಅಪ್ಪ ನೋಡಿದರೆ ಮತ್ತೆ ರಂಪ. ಭಾವ ಫೋನ್ ಮಾಡಿ ಕೇಳಿದಾಗ ನಿಲ್ಲಿಸಿದೆ ಎಂದೆ. ನನ್ನ ಲೆಕ್ಕ ಇಷ್ಟೇ ಇತ್ತು: ಕಂಬ ಬಿದ್ದಾಗ ನೋಡಿಕೊಳ್ಳೋಣ, ನನಗೆ ಈಗ ದಿನಕ್ಕೆ ನಾಲ್ಕು ಗಂಟೆ ಉಸಿರಾಡಬೇಕು. ಬೇಲಿ ಹಾಕಿದ್ದು ಅಪ್ಪನನ್ನು ರೈಲಿನಿಂದ ಉಳಿಸಲು. ಆ ಬೇಲಿಯನ್ನು ಅಪ್ಪನ ಕೈಯಲ್ಲೇ ದಿನಾ ಸ್ವಲ್ಪ ಸ್ವಲ್ಪ ಕೊಳೆಸಿದೆ. ಅವನಿಗೆ ತಿಳಿಯದು. ನನಗೆ ತಿಳಿದಿತ್ತು.

ಒಂದು ಮಳೆಗಾಲ ಕಳೆಯಿತು. ಎರಡನೇ ಮಳೆಗಾಲದಲ್ಲಿ ಕಂಬಗಳ ಬುಡದಲ್ಲಿ ಬೆಳ್ಳಗೆ ಅಣಬೆ ಎದ್ದವು. ಅಪ್ಪ ಏಳುವ ಮೊದಲೇ ಹೋಗಿ ಕಿತ್ತೆಸೆಯುತ್ತಿದ್ದೆ. ಒಂದು ದಿನ ಮೂಲೆಯ ಕಂಬವನ್ನು ಕಾಲಿನಿಂದ ಒತ್ತಿ ನೋಡಿದೆ. ಮೇಲೆ ಗಟ್ಟಿಯಾಗಿಯೇ ಇತ್ತು, ಕೆಳಗೆ ನೆನೆದ ಬ್ರೆಡ್ಡಿನ ಹಾಗೆ ಮೆತ್ತಗಾಗಿತ್ತು. ಆ ಸಂಜೆ ನಮ್ಮನೆಯವರಿಗೆ ಹೇಳಿದೆ. ಅವರು ಭಾನುವಾರ ನೋಡೋಣ ಎಂದರು. ಭಾನುವಾರ ಹೆಬ್ಬೂರಿನಲ್ಲಿ ಅವರ ಸ್ನೇಹಿತರ ಮಗಳ ಮದುವೆ. ಮುಂದಿನ ಭಾನುವಾರ ಎಂದುಕೊಂಡೆವು.

ಅದು ಬರುವ ಮೊದಲೇ ಆಯಿತು. ರಾತ್ರಿಯೆಲ್ಲ ಮಳೆ ಹೊಯ್ದು ಬೆಳಿಗ್ಗೆ ಬಿಟ್ಟಿತ್ತು. ನಮ್ಮನೆಯವರು ಮೊದಲ ಶಿಫ್ಟಿಗೆ ಹೋಗಿದ್ದರು. ನಾನು ಒಂದು ಬ್ಲೌಸಿಗೆ ಹುಕ್ಸ್ ಹಾಕುತ್ತಾ ಕೂತಿದ್ದೆ. ಹಿತ್ತಲಿನಿಂದ ಜಗ್ಗಿನ ಸದ್ದು ಬರುತ್ತಿತ್ತು. ಯಾವಾಗ ನಿಂತಿತೋ ಗಮನಕ್ಕೆ ಬರಲಿಲ್ಲ. ಸೂಜಿಗೆ ದಾರ ಪೋಣಿಸುವಾಗ, ಅರೆ, ಸದ್ದೇ ಇಲ್ಲವಲ್ಲ ಅನ್ನಿಸಿತು.

ಹಿತ್ತಲಿಗೆ ಓಡಿದೆ. ನಾಲ್ಕು ಕಂಬ ಜಾಲರಿ ಸಮೇತ ಆ ಕಡೆಗೆ ಮಲಗಿದ್ದವು. ಬಕೆಟ್ಟು ಅಲ್ಲೇ ಇತ್ತು. ಕೆಸರಿನಲ್ಲಿ ಹೆಜ್ಜೆ ಗುರುತು ನೆಟ್ಟಗೆ ಹಳಿಯ ಕಡೆಗೆ ಹೋಗಿತ್ತು. ಅಪ್ಪ ಕಂಬ ಹಿಡಿದುಕೊಂಡು ಏಳಲು ಹೋಗಿರಬೇಕು, ಅದು ಮಗುಚಿರಬೇಕು, ಮುಂದೆ ದಾರಿ ಕಂಡಿರಬೇಕು. ನಾನು ಬರಿಗಾಲಲ್ಲಿ ಓಡಿದೆ. ಜಾಲರಿ ಕಾಲಿಗೆ ಸಿಕ್ಕಿ ಒಮ್ಮೆ ಬಿದ್ದೆ. ಎದ್ದಾಗ ರೈಲಿನ ಹಾರನ್ ಕೇಳಿತು. ನನ್ನ ಕಣ್ಣ ಮುಂದೆಯೇ ರೈಲು ಬಂತು, ಬೋಗಿಯ ಮೇಲೆ ಬೋಗಿ, ಮುಗಿಯುವುದೇ ಇಲ್ಲ ಅನ್ನುವ ಹಾಗೆ. ಅಪ್ಪಾ ಎಂದು ಕೂಗಿದ್ದು ನನಗೇ ಕೇಳಿಸಲಿಲ್ಲ. ಆ ಹೊತ್ತಿನಲ್ಲಿ ನನಗೆ ಬಂದ ಯೋಚನೆಯನ್ನು ಇಲ್ಲಿ ಬರೆಯದಿದ್ದರೆ ಉಳಿದದ್ದನ್ನೆಲ್ಲ ಬರೆದು ಏನು ಬಂತು? ಸದ್ಯ, ಮುಗಿಯಿತು ಅನ್ನಿಸಿತು. ಒಂದು ಕ್ಷಣ ಅಷ್ಟೇ. ಆದರೆ ಅನ್ನಿಸಿತು.

ರೈಲು ಹೋದ ಮೇಲೆ ನೋಡಿದರೆ ಆಚೆ ಪಕ್ಕದಲ್ಲಿ ಹಳಿ ಕಾಯುವ ಗ್ಯಾಂಗ್‌ಮನ್ ಒಬ್ಬರು ಅಪ್ಪನ ರಟ್ಟೆ ಹಿಡಿದು ನಿಂತಿದ್ದರು. ಮೊಣಕೈ ತರಚಿತ್ತು, ಪಂಚೆ ಕೆಸರಾಗಿತ್ತು, ಬೇರೇನೂ ಆಗಿರಲಿಲ್ಲ. ಆ ಮನುಷ್ಯ ಕೊನೆಯ ಗಳಿಗೆಯಲ್ಲಿ ಎಳೆದುಕೊಂಡಿದ್ದರು. ಮನೇಲಿ ಕಟ್ಟಿಹಾಕಿಕೊಳ್ಳಮ್ಮ, ಇನ್ನೊಂದು ಸಲಕ್ಕೆ ನಾನಿರುವುದಿಲ್ಲ ಎಂದು ಬೈದರು. ನಾನು ಅಪ್ಪನನ್ನು ಎಳೆದುಕೊಂಡು ಬಂದೆ. ಖಾಲಿ ಸೈಟಿನ ನಡುವೆ ಬಂದಾಗ ನನ್ನೊಳಗೆ ಏನಾಯಿತೋ, ತಿರುಗಿ ಅಪ್ಪನ ಕೆನ್ನೆಗೆ ಹೊಡೆದೆ. ಒಂದಲ್ಲ, ಎರಡು. ಹೆತ್ತಪ್ಪನಿಗೆ. ಅಪ್ಪ ಕೈ ಕಟ್ಟಿಕೊಂಡು, ತಲೆ ತಗ್ಗಿಸಿ ನಿಂತ.

"ತಪ್ಪಾಯ್ತು ಓನರಮ್ಮ. ನಾಳೆಯಿಂದ ಸರಿಯಾಗಿ ನೀರ್ ಬುಡ್ತೀನಿ. ಕೆಲಸದಿಂದ ತೆಗೀಬ್ಯಾಡಿ."

ಅವತ್ತಿನಿಂದ ಅಪ್ಪನನ್ನು ಹಿಂದಿನ ಕೋಣೆಯಲ್ಲಿ ಕೂಡಿಹಾಕಿ ಹೊರಗಿನಿಂದ ಚಿಲಕ ಹಾಕಿದೆ.

ಸುದ್ದಿ ಕೇಳಿ ಖಾಲಿ ಸೈಟಿನ ಯಜಮಾನರು ಬಂದು ಬಿದ್ದ ಬೇಲಿ ನೋಡಿದರು. ಮುಖ ಬಿಳಿಚಿಕೊಂಡಿತ್ತು. ಕಲ್ಲುಕಂಬವೇ ಹಾಕಿಕೊಳ್ಳಿ, ಅಳತೆ ಯಾವಾಗಲಾದರೂ ಆಗಲಿ ಎಂದರು. ಹೋದ ವರ್ಷ ಈ ಮಾತು ಬಾಯಲ್ಲಿ ಇರಲಿಲ್ಲವೇ ಎಂದು ಕೇಳಿದೆ. ಈ ಸಲ ನಮ್ಮನೆಯವರೂ ನನ್ನನ್ನು ತಡೆಯಲಿಲ್ಲ. ಮೂರೇ ದಿನದಲ್ಲಿ ಆಳುಗಳು ಬಂದು, ಕೊಳೆತ ಬುಡಗಳನ್ನು ಕಾಂಕ್ರೀಟು ಸಮೇತ ಅಗೆದು ತೆಗೆದು, ಕಲ್ಲು ನೆಟ್ಟು, ಸುತ್ತ ಚಕ್ಕೆಗಲ್ಲು ಬಡಿದು, ಜಾಲರಿ ಬಿಗಿದು ಹೋದರು. ಆನೆ ಬಂದು ನೂಕಿದರೂ ಬೀಳದ ಬೇಲಿ. ಆಮೇಲೆ ಅಪ್ಪ ರೈಲಿನ ಕಡೆ ಹೋಗಲು ದಾರಿಯೇ ಇರಲಿಲ್ಲ. ಆದರೂ ನಾನು ಚಿಲಕ ತೆಗೆಯಲಿಲ್ಲ.

ಯಾಕೆ ಎಂದು ನಮ್ಮನೆಯವರು ಎರಡು ಸಲ ಕೇಳಿದರು. ನಿಮಗೇನು, ಶಿಫ್ಟು ಮುಗಿಸಿ ಬರುತ್ತೀರಿ, ಆ ರೈಲು ಹೋಗುವಾಗ ನಾನು ಇಲ್ಲಿ ನಿಂತಿದ್ದೆ ಎಂದು ಮೈಮೇಲೆ ಬಿದ್ದೆ. ಅವರು ಮತ್ತೆ ಕೇಳಲಿಲ್ಲ. ಹೆದರಿಕೆ ಇತ್ತು, ಸುಳ್ಳಲ್ಲ. ತಟ್ಟೆ ಗಲಗಲ ಅಂದರೆ ಸಾಕು, ಹೊಸಬರ ಹಾಗೆ ಬೆಚ್ಚಿಬೀಳುತ್ತಿದ್ದೆ. ಆದರೆ ಹೆದರಿಕೆಯ ಪಕ್ಕದಲ್ಲೇ ಇನ್ನೊಂದೂ ಇತ್ತು. ಚಿಲಕ ಹಾಕಿದ ಮೇಲೆ ಸದ್ದಿಗೆ ಕಿವಿ ಕೊಡುತ್ತಾ ಕೂರುವ ಕೆಲಸವಿಲ್ಲ.

ಆ ಕೋಣೆಯ ಕಿಟಕಿ ಹಿತ್ತಲಿಗೆ ತೆರೆಯುತ್ತದೆ. ಅಪ್ಪ ಸರಳು ಹಿಡಿದುಕೊಂಡು ಹೊಸ ಕಂಬಗಳನ್ನು ನೋಡುತ್ತಿದ್ದ. ಬೆಳಗಾದರೆ ಟವಲು ಸುತ್ತಿಕೊಂಡು ಬಾಗಿಲು ಬಡಿಯುತ್ತಿದ್ದ. ನೀರು ಬಿಡಬೇಕು, ಬಾಗಿಲು ತೆಗೆಯಿರಿ, ಕಂಬ ಒಣಗಿ ಬಿರುಕು ಬಿಡುತ್ತದೆ ಅನ್ನುತ್ತಿದ್ದ. ನಾನು ಮಿಷನ್ ತುಳಿಯುತ್ತಲೇ, ಅದು ಕಲ್ಲು ಅಪ್ಪ, ಅದಕ್ಕೆ ನೀರು ಬೇಡ, ಸುಮ್ಮನೆ ಬಿದ್ದಿರು ಎಂದು ಕೂಗುತ್ತಿದ್ದೆ. ಹದಿನೈದು ದಿನ ಬಡಿದ. ಆಮೇಲೆ ಬಡಿಯುವುದು ನಿಂತಿತು. ಟವಲು ಸುತ್ತಿಕೊಳ್ಳುವುದೂ ನಿಂತಿತು. ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಕಾಲು ಬಾತವು. ಮುದ್ದೆ ಬಾಯಿಗಿಟ್ಟರೆ ಹಾಗೇ ಇಟ್ಟುಕೊಂಡಿರುತ್ತಿದ್ದ, ನುಂಗಬೇಕು ಅನ್ನುವುದನ್ನೂ ಮರೆತವನಂತೆ. ಬೆನ್ನಲ್ಲಿ ಹುಣ್ಣಾಯಿತು. ತೊಳೆದೆ, ಪೌಡರ್ ಹಾಕಿದೆ, ಮಗ್ಗುಲು ಬದಲಿಸಿದೆ, ಎಲ್ಲ ಮಾಡಿದೆ. ಈಗ ಬಾಗಿಲು ತೆರೆದೇ ಇಡುತ್ತಿದ್ದೆ. ಏಳುವವರೇ ಇರಲಿಲ್ಲ. ಬೇಲಿ ಬಿದ್ದು ಮೂರು ತಿಂಗಳು ತುಂಬುವ ಮೊದಲೇ ಅಪ್ಪ ಹೋದ. ಮಧ್ಯಾಹ್ನ, ನಾನು ಗಂಜಿ ಆರಿಸುತ್ತಿದ್ದಾಗ.

ಕುಣಿಗಲ್‌ನಿಂದ ಅಪ್ಪನ ಜೊತೆ ಕೆಲಸ ಮಾಡಿದವರು ಬಂದಿದ್ದರು. ಬೀದಿಯವರೂ ಬಂದರು. ಅಂಥ ಮರೆವಿನ ಮನುಷ್ಯನನ್ನು ಎರಡು ವರ್ಷ ಎಷ್ಟು ಜೋಪಾನವಾಗಿ ನೋಡಿಕೊಂಡಳು, ಗಂಡುಮಕ್ಕಳಿದ್ದರೂ ಹೀಗೆ ನೋಡುತ್ತಿರಲಿಲ್ಲ ಎಂದು ನನ್ನ ಮುಂದೆಯೇ ಆಡಿಕೊಂಡರು. ನಾನು ಅಳುತ್ತಾ ಕೇಳಿಸಿಕೊಂಡೆ.

ಹನ್ನೊಂದನೇ ದಿನದ ಊಟವನ್ನು ಹಿತ್ತಲಲ್ಲೇ ಎಲೆ ಹಾಕಿ ಬಡಿಸಿದೆವು. ಭಾವ ಗುಬ್ಬಿಯಿಂದ ಬಂದಿದ್ದರು. ಬೇಲಿ ಬಿದ್ದ ಮೇಲೆ ಅವರು ನಮ್ಮ ಮನೆಗೆ ಬಂದಿರಲಿಲ್ಲ. ಅವರ ಎಲೆಗೆ ಅನ್ನ ಹಾಕಲು ಬಗ್ಗಿದಾಗ ಅವರು ಕಲ್ಲುಕಂಬಗಳನ್ನೇ ನೋಡುತ್ತಿದ್ದರು. ಪಾಪ, ಒಳ್ಳೆಯ ಮಾತೊಂದನ್ನು ಆಡಿ ನನಗೆ ಸಮಾಧಾನ ಮಾಡಬೇಕೆಂದೇ ಬಾಯಿ ತೆರೆದರು.

"ಕೊನೇಗಾದ್ರೂ ಕಲ್ ಹಾಕ್ಸಿದ್ರಲ್ಲ, ಒಳ್ಳೇದಾಯ್ತಮ್ಮ. ಕಲ್ಲೇನ್ ಕೊಳ್ಯುತ್ತಾ? ಪಾಪ, ಅವ್ರಿಗ್ ಬೇಕಾದಷ್ಟು ನೀರ್ ಹಾಕ್ಕೊಂಡ್ ನೆಮ್ದಿಯಾಗಿದ್ದಿರ್ಬೇಕು. ನೀನು ಅವ್ರನ್ನ ಆಚೆ ಬಿಡ್ತಿದ್ದೆ ತಾನೆ?"

ನನ್ನ ಕೈಯಲ್ಲಿ ಅನ್ನದ ಸೌಟು ಇತ್ತು. ಹದಿನೈದು ದಿನ ಆ ಬಾಗಿಲ ಈಚೆ ಕೂತು, ಕಲ್ಲಿಗೆ ನೀರು ಬೇಡ ಎಂದು ಕೂಗಿದವಳಿಗೆ, ಕಲ್ಲಿಗೆ ನೀರು ಹಾಕಿದರೆ ಏನೂ ಆಗುವುದಿಲ್ಲ ಅನ್ನುವುದು ಒಂದು ದಿನವೂ ಹೊಳೆದಿರಲಿಲ್ಲ.

"ಹೂಂ ಭಾವ," ಎಂದೆ. "ದಿನಾ ಬಿಡ್ತಿದ್ದೆ."

ಪಕ್ಕದ ಎಲೆಯಲ್ಲಿ ಕೂತಿದ್ದ ನಮ್ಮನೆಯವರು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು. ತಲೆ ಎತ್ತಲಿಲ್ಲ. ನಾನು ಮುಂದಿನ ಎಲೆಗೆ ಹೋದೆ.